ಕೊಡೈ ಬೆಟ್ಟದ ತಪ್ಪಲಿನಲ್ಲಿ ನೀತಿಯ ನೂರು ವರ್ಷ

ಸ್ವಾಭಿಮಾನ ಚಳವಳಿಗೆ 2025ರಲ್ಲಿ ನೂರು ತುಂಬಿತು. ಈರೋಡಿನ ಕನ್ನಡ ಮನೆಮಾತಿನ ಬಲಿಜ ಕುಟುಂಬದಲ್ಲಿ 1879ರಲ್ಲಿ ಹುಟ್ಟಿದ ಪೆರಿಯಾರ್ ಇ.ವಿ. ರಾಮಸ್ವಾಮಿ, 1925ರ ಮೇ ತಿಂಗಳಲ್ಲಿ ‘ಕುಡಿ ಅರಸು’ ಪತ್ರಿಕೆ ಆರಂಭಿಸಿ, ಅದೇ ವರ್ಷದ ಕೊನೆಗೆ ಕಾಂಗ್ರೆಸ್ಸಿನಿಂದ ಹೊರಬಂದರು. ಮನುಷ್ಯ ನೆಟ್ಟಗೆ ಬಾಳಲು ದೇವರ ಭಯ ಬೇಕಿಲ್ಲ, ಪಕ್ಕದವನ ಮಾನವೂ ತನ್ನ ಮಾನದಷ್ಟೇ ದೊಡ್ಡದೆಂದು ತಿಳಿದರೆ ಸಾಕು ಎಂಬ ವಿಚಾರವನ್ನು ಅವರು ಊರೂರಿಗೆ ಒಯ್ದರು. ಆ ವಿಚಾರ ಎಷ್ಟು ನಿಂತಿತು, ಎಲ್ಲಿ ಸೋತಿತು ಎಂದು ಹಿಂತಿರುಗಿ ನೋಡಲು ನೂರು ವರ್ಷ ತಕ್ಕ ಅವಧಿ.

ಹೀಗೆ ನೋಡಲು ನಾವು ಆರಿಸಿಕೊಂಡಿರುವುದು ಕೊಡೈಕಾನಲ್ ಬೆಟ್ಟ ಮತ್ತು ಅದರ ಕೆಳಗಿನ ತೇನಿ, ಕಂಬಂ, ದಿಂಡಿಗಲ್ ಸೀಮೆ. ಕರ್ನಾಟಕದಿಂದ ಬೇಸಿಗೆ ರಜೆಗೆ ಅಲ್ಲಿಗೆ ಹೋಗುವವರಲ್ಲಿ ಬಹುಪಾಲು ಜನ ಕೆರೆ ಸುತ್ತಿ, ಹೋಮ್‌ಮೇಡ್ ಚಾಕೊಲೇಟ್ ಕೊಂಡು ಮರಳುತ್ತಾರೆ. ಕೆಳಗಿನ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವಾಡುವ ಕಪ್ಪಿಲಿಯರು, ಅನುಪ್ಪರು ಇದ್ದಾರೆ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ. ನೀತಿಗೆ ಮತಧರ್ಮ ಬೇಕೇ ಎಂಬ ಪ್ರಶ್ನೆಗೆ ಪುಸ್ತಕಗಳಿಗಿಂತ ಈ ಸೀಮೆಯ ಚರಿತ್ರೆಯಲ್ಲಿ ಹೆಚ್ಚು ಉತ್ತರಗಳು ಸಿಗುತ್ತವೆ.

ದೇವರಿಲ್ಲದ ನೀತಿ ಈ ಕಣಿವೆಗೆ ಹೊಸತೂ ಅಲ್ಲ. ಉತ್ತಮಪಾಳಯದ ಬಂಡೆಯ ಮೇಲೆ ಸುಮಾರು ಸಾವಿರ ವರ್ಷದ ಹಿಂದೆ ಕೆತ್ತಿದ ತೀರ್ಥಂಕರರ ಮೂರ್ತಿಗಳಿವೆ. ಜಗತ್ತನ್ನು ಸೃಷ್ಟಿಸಿ, ಮೇಲೆ ಕುಳಿತು ಪಾಪಪುಣ್ಯ ತೂಗುವ ಒಡೆಯನನ್ನು ಜೈನರು ಒಪ್ಪಲಿಲ್ಲ. ಆದರೂ ಅಹಿಂಸೆಯನ್ನು ಅವರಷ್ಟು ಕಟ್ಟುನಿಟ್ಟಾಗಿ ನಡೆಸಿದವರು ಕಡಿಮೆ. ಪಂಪ, ಪೊನ್ನ, ರನ್ನರನ್ನು ಕೊಟ್ಟ ಮತ ಅದು. ಸೃಷ್ಟಿಕರ್ತನನ್ನು ಬಿಟ್ಟರೆ ಸಮಾಜ ಕೆಡುತ್ತದೆ ಎಂಬ ವಾದವನ್ನು ಕನ್ನಡ ಬಲ್ಲವರು ಸುಲಭವಾಗಿ ಒಪ್ಪಬಾರದು. ಜೈನರಿಗೆ ದೇವರಿಲ್ಲದಿದ್ದರೂ ವ್ರತವಿತ್ತು, ಬಸದಿಯಿತ್ತು, ಸಂಘವಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು. ನಮ್ಮ ಮುಖ್ಯ ಮಾತು ಇರುವುದೇ ಅಲ್ಲಿ.

ಕಂಬಂನಲ್ಲಿ ಒಂದು ದನದ ಹಿಂಡಿದೆ. ತಮಿಳಿನಲ್ಲಿ ಅದಕ್ಕೆ ತಂಬಿರಾನ್ ಮಾಡು ಎನ್ನುತ್ತಾರೆ; ಅದನ್ನು ಕಾಪಾಡಿಕೊಂಡು ಬಂದ ಕನ್ನಡ ಒಕ್ಕಲಿಗರ ಬಾಯಲ್ಲಿ ‘ದೇವರ ಆವು’. 1906ರ ಮಧುರೆ ಗೆಜೆಟಿಯರ್‌ನಲ್ಲೇ ಅದರ ವಿವರವಿದೆ. ಈ ಹಸುಗಳ ಹಾಲು ಕರೆಯುವುದಿಲ್ಲ. ಹಿಂಡಿಗೆ ಒಂದು ಪಟ್ಟದ ಹೋರಿ ಇರುತ್ತದೆ. ಅದು ಸತ್ತಾಗ ಗೌರವದಿಂದ ಮಣ್ಣುಮಾಡಿ, ಕಬ್ಬು ಮುಂದಿಟ್ಟು ಮುಂದಿನದನ್ನು ಆರಿಸುತ್ತಾರೆ. ಸಂಕ್ರಾಂತಿಯ ಮಾರನೆಯ ದಿನ ಸುತ್ತಲಿನ ಊರುಗಳ ಜನ ಬಂದು ಕೈಮುಗಿಯುತ್ತಾರೆ. ತನಗೆ ಲಾಭವಿಲ್ಲದ ಪ್ರಾಣಿಗಳನ್ನು ಒಂದು ಸಮುದಾಯ ತಲೆಮಾರುಗಳ ಕಾಲ ಸಾಕಿಕೊಂಡು ಬಂದಿದೆ. ಯಾವ ತರ್ಕವೂ ಇದನ್ನು ಮಾಡಿಸಿದ್ದಲ್ಲ. ನಂಬಿಕೆ, ಹಬ್ಬ, ಹಿರಿಯರ ಮಾತು ಮಾಡಿಸಿದವು. ಮತಧರ್ಮದ ನಿಜವಾದ ಬಲ ಇದು ಎಂದು ನಾಸ್ತಿಕರೂ ಒಪ್ಪಬೇಕು.

ಅದರ ಮಿತಿಯೂ ಇದೇ ಸೀಮೆಯಲ್ಲಿ ಕಾಣುತ್ತದೆ. ದನವನ್ನು ದೇವರೆಂದ ನಾಡಿನಲ್ಲೇ ಚಹಾದಂಗಡಿಗಳು ದಲಿತರಿಗೆ ಬೇರೆ ಲೋಟ ಇಟ್ಟವು. ಯಾವುದೋ ಒಂದು ಜಾತಿಯನ್ನು ದೂರಿ ಮುಗಿಸುವ ವಿಷಯ ಇದಲ್ಲ; ಮಧುರೆ, ತೇನಿ, ದಿಂಡಿಗಲ್ ಸೀಮೆಯುದ್ದಕ್ಕೂ ಆ ರೂಢಿ ಇತ್ತು, ಕರ್ನಾಟಕದ ಹಳ್ಳಿಗಳಲ್ಲೂ ಇತ್ತು. ಹಬ್ಬ, ಪೂಜೆ, ದಾನ ಎಲ್ಲವೂ ನಡೆಯುತ್ತಿದ್ದ ಊರುಗಳಲ್ಲಿ ಆ ಎರಡನೆಯ ಲೋಟ ಯಾರ ಭಕ್ತಿಯನ್ನೂ ಕದಡಲಿಲ್ಲ. ಅದನ್ನು ತಪ್ಪೆಂದು ಎತ್ತಿ ತೋರಿಸಲು ಪೆರಿಯಾರ್ ತರಹದವರು ಬೇಕಾದರು. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳಿಗೆ 1967ರಲ್ಲಿ ಅಣ್ಣಾದೊರೈ ಸರ್ಕಾರ ಕಾನೂನಿನ ಮಾನ್ಯತೆ ಕೊಟ್ಟಿತು. ಅಂಥ ಮದುವೆಗಳಿಂದ ಸಂಸಾರಗಳು ಒಡೆದುಹೋಗಲಿಲ್ಲ, ಹುಟ್ಟಿದ ಮಕ್ಕಳು ದಾರಿ ತಪ್ಪಲಿಲ್ಲ. ಪೆರಿಯಾರರ ಮಾತು ಗೆದ್ದ ಕಡೆ ಇದು.

ಸೋತ ಕಡೆಯನ್ನೂ ಹೇಳಬೇಕು. ಅವರ ಹೆಸರು ಹೇಳುವ ಪಕ್ಷಗಳು 1967ರಿಂದ ದಶಕಗಳ ಕಾಲ ತಮಿಳುನಾಡನ್ನು ಆಳಿದವು. 1968ರ ಡಿಸೆಂಬರ್ 25ರಂದು ಕೀಳ್ವೆಣ್ಮಣಿಯಲ್ಲಿ 44 ದಲಿತರನ್ನು ಸುಟ್ಟು ಕೊಂದರು. 1989ರಲ್ಲಿ ಬೋಡಿನಾಯಕನೂರಿನ ಸುತ್ತ ಜಾತಿ ಗಲಭೆಯಾಯಿತು. 2016ರ ಮಾರ್ಚ್‌ನಲ್ಲಿ, ಪಳನಿಯ ಹುಡುಗಿಯನ್ನು ಮದುವೆಯಾದ ತಪ್ಪಿಗೆ ದಲಿತ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನನ್ನು ಉಡುಮಲೈಪೇಟೆಯಲ್ಲಿ ಹಾಡಹಗಲೇ ಕೊಚ್ಚಿ ಕೊಂದರು. ಜಾತಿಯ ಕ್ರೌರ್ಯ ಶಾಸ್ತ್ರದ ಆಸರೆ ಇಲ್ಲದೆಯೂ ಬದುಕಿಕೊಂಡಿತು. ಹೊಲ, ಹಣ, ಮತಗಟ್ಟೆ ಅದಕ್ಕೆ ಸಾಕಾದವು. ದೇವರನ್ನು ಕೈಬಿಟ್ಟರೆ ನ್ಯಾಯ ತಾನಾಗಿ ಬರುತ್ತದೆ ಎಂದು ನಂಬಿದ್ದವರು ಈ ಮೂರು ಘಟನೆಗಳಿಗೆ ಉತ್ತರ ಹೇಳಬೇಕು.

ಇನ್ನು ಬೆಟ್ಟದ ಮೇಲೆ ನಡೆದದ್ದು. ನಮ್ಮ ಮಟ್ಟಿಗೆ ಇಡೀ ಚರ್ಚೆಗೆ ಇದೇ ಮುಖ್ಯ ಸಾಕ್ಷಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆ 1983ರಲ್ಲಿ ಕೊಡೈಕಾನಲ್‌ಗೆ ಬಂತು. ಮುಂದೆ ಅದು ಹಿಂದುಸ್ತಾನ್ ಲಿವರ್ ಕಂಪನಿಯ ಕೈಸೇರಿತು. ಕಾರ್ಖಾನೆಯ ಹಿಂದಿನ ಇಳಿಜಾರು ಪಾಂಬಾರ್ ಶೋಲಾ ಕಾಡು. ಆ ಕಾಡಿನ ನೀರು ಇಳಿದು ಪೆರಿಯಕುಳಂ ಬಳಿಯ ಕುಂಬಕ್ಕರೈ ಜಲಪಾತವಾಗುತ್ತದೆ. ಒಳಗೆ ಕೆಲಸಗಾರರು ಪಾದರಸದ ನಡುವೆ ದಿನ ಕಳೆದರು. ಒಡೆದ ಗಾಜು ಪಾದರಸದ ಸಮೇತ ಗುಜರಿಗೆ ಹೋಯಿತು. 2001ರ ಮಾರ್ಚ್‌ನಲ್ಲಿ ಹಳೆಯ ಕೆಲಸಗಾರರು, ಪಳನಿ ಬೆಟ್ಟಗಳ ಸಂರಕ್ಷಣಾ ಮಂಡಳಿ ಮತ್ತು ಗ್ರೀನ್‌ಪೀಸ್ ಸೇರಿ, ಮೂಂಜಿಕ್ಕಲ್‌ನ ಗುಜರಿ ಅಂಗಡಿಯಲ್ಲಿ ಬಿದ್ದಿದ್ದ ಟನ್‌ಗಟ್ಟಲೆ ವಿಷದ ಗಾಜನ್ನು ಊರಿಗೆ ತೋರಿಸಿದರು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯ ಹಡಗು ಹತ್ತಿ ಅಮೆರಿಕಕ್ಕೆ ವಾಪಸಾಯಿತು. 591 ಮಾಜಿ ಕೆಲಸಗಾರರ ಜೊತೆ ಕಂಪನಿ ರಾಜಿ ಮಾಡಿಕೊಂಡದ್ದು 2016ರಲ್ಲಿ. ಅವರ ಕಾಯಿಲೆಗೂ ಪಾದರಸಕ್ಕೂ ನಂಟಿಲ್ಲ ಎಂಬ ನಿಲುವನ್ನು ಮಾತ್ರ ಅದು ಬಿಡಲಿಲ್ಲ.

ಇಲ್ಲಿ ಯಾವ ಧರ್ಮಗ್ರಂಥ ನೆರವಿಗೆ ಬರುತ್ತಿತ್ತು? ಪಂಚಮಹಾಪಾತಕಗಳ ಪಟ್ಟಿಯಲ್ಲಿ ಪಾದರಸವಿಲ್ಲ, ಮೋಶೆಯ ಹತ್ತು ಆಜ್ಞೆಗಳಲ್ಲಿಯೂ ಇಲ್ಲ. ಇದೇ ಬೆಟ್ಟಸಾಲಿನ ಪಳನಿಯ ಸಿದ್ಧ ಪರಂಪರೆಯಲ್ಲಂತೂ ಪಾದರಸ ಪೂಜ್ಯ ವಸ್ತು. ಮಿಷನರಿಗಳು 1845ರಿಂದ ಕಟ್ಟಿದ ಊರು ಕೊಡೈ. ಚರ್ಚು, ಸೆಮಿನರಿ, ಕುರಿಂಜಿ ಆಂಡವರ್ ಗುಡಿ, ಮಸೀದಿ ಎಲ್ಲವೂ ಅಲ್ಲಿವೆ. ಅವುಗಳ ನಡುವೆಯೇ ಹದಿನೆಂಟು ವರ್ಷ ವಿಷ ಹರಿಯಿತು. ಅದನ್ನು ತಪ್ಪೆಂದು ನಿರ್ಧರಿಸಿದ್ದು ಮನುಷ್ಯರೇ: ನಡುಗುವ ಕೈ, ಸೋತ ಮೂತ್ರಪಿಂಡ ನೋಡಿ, ಮಣ್ಣನ್ನು ಅಳೆದು, 1956ರಲ್ಲಿ ಜಪಾನಿನ ಮಿನಾಮಾಟದಲ್ಲಿ ಬೆಳಕಿಗೆ ಬಂದ ಪಾದರಸ ದುರಂತವನ್ನು ನೆನೆದು. ಹೋರಾಡಿದವರಲ್ಲಿ ಭಕ್ತರಿದ್ದರು, ದೇವರ ಗೊಡವೆ ಇಲ್ಲದವರೂ ಇದ್ದರು. ನೊಂದವನನ್ನು ನೋಡಿ ಸರಿತಪ್ಪು ತೀರ್ಮಾನಿಸುವ ಶಕ್ತಿ ಎಲ್ಲ ಮತಗಳಿಗಿಂತ ಹಿಂದಿನದು. ಮತಗಳು ತಮ್ಮ ಒಳ್ಳೆಯ ಅಂಶವನ್ನು ಪಡೆದದ್ದೂ ಅದರಿಂದಲೇ ಎಂಬುದು ನಮ್ಮ ದೃಢ ಅಭಿಪ್ರಾಯ.

ಆದರೆ ಕಂಪನಿ ರಾಜಿಗೆ ಬರಲು 2001ರಿಂದ 2016ರವರೆಗೆ ಹದಿನೈದು ವರ್ಷ ಹಿಡಿಯಿತಲ್ಲ, ಅದೇಕೆ? ನ್ಯಾಯದ ಅರಿವು ಇದ್ದಷ್ಟಕ್ಕೆ ಕೆಲಸ ಆಗುವುದಿಲ್ಲ. ಅದನ್ನು ವರ್ಷಗಟ್ಟಲೆ ಹೊತ್ತು ನಡೆಯುವ ಜನ, ಸಂಘ, ವಂತಿಗೆ, ತಪ್ಪದ ಸಭೆ ಬೇಕು. ಮತಗಳ ಬಳಿ ಇವೆಲ್ಲ ಸಿದ್ಧವಾಗಿರುತ್ತವೆ. ಕಂಬಂ ಕಣಿವೆಯ ರೈತರನ್ನು ನೋಡಿ. 1895ರ ಅಕ್ಟೋಬರ್‌ನಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ ನೀರು ಕೊಟ್ಟ ಇಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ಪಟವನ್ನು ದೇವರ ಪಟಗಳ ಸಾಲಿನಲ್ಲಿ ಇಡುತ್ತಾರೆ, ಜನವರಿ 15ರ ಅವರ ಹುಟ್ಟುಹಬ್ಬಕ್ಕೆ ಪೊಂಗಲ್ ಇಡುತ್ತಾರೆ. ಮನುಷ್ಯನೊಬ್ಬ ಮಾಡಿದ ಉಪಕಾರದ ಸ್ಮರಣೆ ಹಬ್ಬದ ರೂಪ ಪಡೆದದ್ದರಿಂದ ನೂರಿಪ್ಪತ್ತೈದು ವರ್ಷ ದಾಟಿಯೂ ಉಳಿದಿದೆ. ಅಣೆಕಟ್ಟು ಕಟ್ಟುವಾಗ ಕಾಡಿನಲ್ಲಿ ಜ್ವರ ಬಂದು ಸತ್ತ ಕೂಲಿಗಳಿಗೆ ಇಂಥ ಹಬ್ಬವಿಲ್ಲ. ಅವರನ್ನು ನೆನೆಯುವವರೂ ವಿರಳ.

ರೂಢಿಯ ಈ ಬಲವನ್ನು ದೇವರಿಲ್ಲದೆಯೂ ಕಟ್ಟಬಹುದು ಎಂದು ತೋರಿಸಿದವರು ಕರ್ನಾಟಕದಲ್ಲಿ ಎಚ್. ನರಸಿಂಹಯ್ಯ. ಗಾಂಧಿ ಟೋಪಿ, ಖಾದಿ, 1942ರ ಸೆರೆವಾಸ, ಕೊನೆತನಕ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಅವರಿಗೆ ಬಂದ ಬೈಗುಳ ಎಲ್ಲರಿಗೂ ನೆನಪಿದೆ. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ವಾರವಾರ ಜನರನ್ನು ಕೂಡಿಸಿದ್ದನ್ನು ನಾವು ಅದಕ್ಕಿಂತ ದೊಡ್ಡದೆಂದು ಭಾವಿಸುತ್ತೇವೆ. ‘ದೇವರು’ ಬರೆದ ಎ.ಎನ್. ಮೂರ್ತಿರಾವ್ ವಾದವನ್ನು ಗೆದ್ದುಕೊಟ್ಟರು. ನರಸಿಂಹಯ್ಯನವರು ವಾದಕ್ಕೆ ಒಂದು ಮನೆ ಕಟ್ಟಿದರು. ನಮ್ಮ ವಿಚಾರವಾದಿಗಳಲ್ಲಿ ಮೊದಲನೆಯ ಬಗೆಯವರು ಹಲವರು, ಎರಡನೆಯ ಬಗೆಯವರು ತೀರ ಕಡಿಮೆ. ಸೋಲಿಗೆ ಇದೇ ದೊಡ್ಡ ಕಾರಣ.

ಹಾಗಾಗಿ ನಮ್ಮ ತೀರ್ಪು: ನೀತಿಗೆ ಮತಧರ್ಮ ಅನಿವಾರ್ಯವಲ್ಲ. ನೀತಿಯನ್ನು ಉಳಿಸಿಕೊಳ್ಳುವ ಶ್ರಮವಂತೂ ಆಸ್ತಿಕ, ನಾಸ್ತಿಕ ಇಬ್ಬರಿಗೂ ತಪ್ಪದು.

ಕರ್ನಾಟಕದ ಶಾಲೆಗಳಲ್ಲಿ ನೀತಿಪಾಠ ಇರಬೇಕೆಂದು 2023ರ ಜನವರಿಯಲ್ಲಿ ಸರ್ಕಾರ ಮಠಾಧೀಶರು, ಧರ್ಮಗುರುಗಳ ಸಭೆ ಕರೆದಿತ್ತು. ಅವರ ಮಾತನ್ನು ಕೇಳಲಿ. ಜೊತೆಗೆ ಕಾರ್ಮಿಕರು, ವೈದ್ಯರು, ವಿಜ್ಞಾನಿಗಳು, ದಲಿತ ಸಂಘಟನೆಗಳನ್ನೂ ಅದೇ ಮೇಜಿಗೆ ಕರೆಯಲಿ. ಪಠ್ಯ ಬರೆಯುವವರಲ್ಲಿ ನಮ್ಮ ಮನವಿ ಇಷ್ಟೇ: ಪುಣ್ಯಕೋಟಿಯ ಕಥೆಯ ಮುಂದಿನ ಪುಟದಲ್ಲಿ ಮೂಂಜಿಕ್ಕಲ್‌ನ ಗುಜರಿ ಅಂಗಡಿಯ ಕಥೆಯನ್ನೂ ಸೇರಿಸಿ, ತಪ್ಪು ಯಾರದು, ಯಾರು ಏನು ಮಾಡಬೇಕಿತ್ತು ಎಂದು ಮಕ್ಕಳನ್ನೇ ಕೇಳಿ.