ಹುಕ್ ಕಂಡದ್ದು ಖಾಲಿ ಕೋಣೆ

"ಜೀವಕೋಶವನ್ನು ಕಂಡುಹಿಡಿದವರು ಯಾರು?" "ರಾಬರ್ಟ್ ಹುಕ್, 1665." ನಮ್ಮ ಯಾವ ಕನ್ನಡ ಶಾಲೆಯಲ್ಲಿ ಬೇಕಾದರೂ ಕೇಳಿ ನೋಡಿ, ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗನೂ ಎದ್ದು ಹೇಳುತ್ತಾನೆ. ಒಂದು ಅಂಕ ಖಂಡಿತ. ನನ್ನ ತಕರಾರು ಇರುವುದೇ ಆ ಒಂದು ಅಂಕದ ಮೇಲೆ.

ಹುಕ್ ನಿಜವಾಗಿ ಮಾಡಿದ್ದೇನು? ಬಾಟಲಿಗೆ ಬಿರಡೆ ಮಾಡುವ ಕಾರ್ಕನ್ನು ಹರಿತವಾದ ಚಾಕುವಿನಿಂದ ತೆಳ್ಳಗೆ ಸೀಳಿ, ಕಪ್ಪು ತಟ್ಟೆಯ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿದ. ಜೇನುಗೂಡಿನ ಹಾಗೆ ಸಾಲು ಸಾಲು ತೂತುಗಳು ಕಂಡವು. ಒಂದು ಇಂಚು ಉದ್ದದಲ್ಲಿ ಸಾವಿರಕ್ಕೂ ಹೆಚ್ಚು ಎಂದು ಲೆಕ್ಕ ಹಾಕಿದ. ಅವಕ್ಕೆ 'ಸೆಲ್' ಎಂದ, ಅಂದರೆ ಪುಟ್ಟ ಕೋಣೆ. 1665ರ 'ಮೈಕ್ರೊಗ್ರಾಫಿಯಾ'ದಲ್ಲಿ ಚಿತ್ರ ಸಮೇತ ಅಚ್ಚು ಹಾಕಿಸಿದ. ಕಾರ್ಕ್ ಯಾಕೆ ಇಷ್ಟು ಹಗುರ, ಅದುಮಿದರೆ ಯಾಕೆ ಮತ್ತೆ ಉಬ್ಬುತ್ತದೆ ಎಂಬುದು ಅವನ ಪ್ರಶ್ನೆಯಾಗಿತ್ತು. ಜೀವದ ಪ್ರಶ್ನೆ ಅದಲ್ಲ.

ಕಾರ್ಕ್ ಎಂದರೆ ಮರದ ತೊಗಟೆ. ಅದರ ಕೋಶಗಳು ಸತ್ತು ಗೋಡೆ ಮಾತ್ರ ಉಳಿದಿರುತ್ತದೆ. ಹಸಿ ಗಿಡಗಳಲ್ಲಿ ರಸ ತುಂಬಿದ ಕೋಣೆಗಳನ್ನೂ ಹುಕ್ ನೋಡಿದ್ದ, ನಿಜ. ಆದರೆ ಸಕಲ ಜೀವಿಗಳೂ ಇಂಥ ಕೋಣೆಗಳಿಂದಲೇ ಆದವು ಎಂದು ಅವನು ಹೇಳಲಿಲ್ಲ. ಆ ಮಾತು ಬಂದದ್ದು 1838ರಲ್ಲಿ ಸಸ್ಯಗಳ ಬಗ್ಗೆ ಷ್ಲೈಡನ್‌ನಿಂದ, 1839ರಲ್ಲಿ ಪ್ರಾಣಿಗಳ ಬಗ್ಗೆ ಶ್ವಾನ್‌ನಿಂದ. ನಡುವೆ 170ಕ್ಕೂ ಹೆಚ್ಚು ವರ್ಷ! ಕನ್ನಡದಲ್ಲಿ ನಾವು 'ಕೋಶ'ದ ಮುಂದೆ 'ಜೀವ' ಸೇರಿಸಿಕೊಂಡು, ಆ ಜೀವವನ್ನೂ ಹುಕ್ಕನ ಖಾತೆಗೇ ಜಮಾ ಮಾಡಿಬಿಟ್ಟೆವು.

ಹಾಗಾದರೆ ಜೀವವನ್ನು ಕಂಡವನು? ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೀವನ್‌ಹಾಕ್. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಅಂದಿನ ಪಂಡಿತರ ಭಾಷೆಯಾದ ಲ್ಯಾಟಿನ್ ಬಾರದು, ಇಂಗ್ಲಿಷೂ ಬಾರದು. ತಾನೇ ಉಜ್ಜಿದ ಒಂಟಿ ಮಸೂರದಲ್ಲಿ ನೀರಿನ ಹನಿಯೊಳಗೆ ಓಡಾಡುವ ಒಂಟಿಕೋಶದ ಜೀವಿಗಳನ್ನು ನೋಡಿ, 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಡಚ್ ಭಾಷೆಯಲ್ಲೇ ಕಾಗದ ಬರೆದ. ಸೊಸೈಟಿಯವರು ನಂಬಲು ಹಿಂದೆಮುಂದೆ ನೋಡಿದರು. 1677ರಲ್ಲಿ ಇದೇ ಹುಕ್ ತಾನೂ ನೋಡಿ, ಉಳಿದ ಸದಸ್ಯರಿಗೂ ತೋರಿಸಿದ ಮೇಲೆ ಒಪ್ಪಿದರು. 1680ರಲ್ಲಿ ಆ ವ್ಯಾಪಾರಿಯನ್ನೇ ಸದಸ್ಯನನ್ನಾಗಿ ಮಾಡಿಕೊಂಡರು.

"ವಿಜ್ಞಾನ ಕಲಿಯಲು ಇಂಗ್ಲಿಷೇ ಬೇಕಲ್ಲ ಮಾಷ್ಟ್ರೇ" ಎನ್ನುತ್ತ ಟಿ.ಸಿ. ಕೇಳಲು ಬರುವ ಹೆತ್ತವರಿಗೆ ನಾನು ಹೇಳುವ ಕಥೆ ಇದು. ಅವನ ಕಾಗದ ಅಚ್ಚಾದದ್ದು ಇಂಗ್ಲಿಷಿಗೆ ಅನುವಾದವಾಗಿ ಎಂಬುದನ್ನು ಮುಚ್ಚಿಡುವುದಿಲ್ಲ. ಇಂಗ್ಲಿಷ್ ಬೇಕು, ಕಲಿಸೋಣ. ಆದರೆ ನೋಡಿದ್ದು, ಯೋಚಿಸಿದ್ದು, ಬರೆದದ್ದು ಮನೆಮಾತಿನಲ್ಲೇ ಅಲ್ಲವೇ?

ಇನ್ನು ಸಹೋದ್ಯೋಗಿ ಮಿತ್ರರಿಗೆ ಒಂದು ಮಾತು, ಸಿಟ್ಟಾಗಬೇಡಿ. ಗಡಿನಾಡಿನಲ್ಲಿ ಕನ್ನಡ ಉಳಿಯಲಿ ಎಂದು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ತರಗತಿಗೆ ಬಂದು "ಹುಕ್, 1665" ಎಂದು ಉರು ಹೊಡೆಸುತ್ತೇವೆ. ಉರು ಹೊಡೆಯುವುದೇ ಆದರೆ ಯಾವ ಭಾಷೆಯಾದರೇನು? ಸ್ವಂತ ಭಾಷೆಯಲ್ಲಿ ಕಲಿಯುವವನಿಗೆ ಇರುವ ಒಂದೇ ಲಾಭವೆಂದರೆ, ಕಂಡದ್ದನ್ನು ಕಂಡ ಹಾಗೆ ಹೇಳಬಲ್ಲ. ಆ ಲಾಭವನ್ನು ನಾವೇ ಕಿತ್ತುಕೊಂಡರೆ, ಮಗುವನ್ನು ಬೇರೆ ಶಾಲೆಗೆ ಒಯ್ಯುವ ತಂದೆಯನ್ನು ದೂರುವ ಹಕ್ಕು ನಮಗಿಲ್ಲ.

ನಾಳೆ ಬೀರುವಿನ ಬೀಗ ತೆಗೆಯಿರಿ. ಸೂಕ್ಷ್ಮದರ್ಶಕದ ಧೂಳು ಒರೆಸಿ. ನೀರುಳ್ಳಿಯ ಒಳಸಿಪ್ಪೆಯ ತೆಳು ಪೊರೆ ಸಾಕು, ಒಂದು ತೊಟ್ಟು ಅಯೋಡಿನ್ ಸಾಕು. ಪ್ರತಿಯೊಬ್ಬ ಮಗುವೂ ನೋಡಲಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: "ನಿನಗೆ ಏನು ಕಂಡಿತು? ನಿನ್ನದೇ ಮಾತಿನಲ್ಲಿ ಬರೆ." ಅಂಕ ಕೊಡುವುದಾದರೆ ಅದಕ್ಕೆ ಕೊಡೋಣ.