ಮನಸ್ಸು ಕುಸಿದಾಗ ಯಾರ ಬಾಗಿಲು ತಟ್ಟಬೇಕು?

ಮಡಿಕೇರಿ: 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಸುತ್ತಮುತ್ತಲ ಗುಡ್ಡಗಳು ಕುಸಿದಾಗ ಕೊಡಗಿನ ಜನ ಕಳೆದುಕೊಂಡದ್ದು ಮನೆ, ಗದ್ದೆ, ಕಾಫಿ ತೋಟಗಳನ್ನಷ್ಟೇ ಅಲ್ಲ. ಅದುವರೆಗೆ ಮಳೆಯೊಂದಿಗೇ ಬದುಕಿದ್ದ ಎಷ್ಟೋ ಕುಟುಂಬಗಳಿಗೆ ಮಳೆಯ ಸದ್ದೇ ಭಯವಾಯಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದ ದುರಂತಗಳು ಆ ಗಾಯವನ್ನು ಮತ್ತೆ ಕೆದಕಿದವು.

ಕುಸಿದ ರಸ್ತೆಗೆ ತಡೆಗೋಡೆ ಕಟ್ಟಬಹುದು. ಕುಸಿದ ಮನಸ್ಸಿಗೆ? ಮನೋಚಿಕಿತ್ಸಕರ ಬಳಿ ಹೋಗಬೇಕೇ, ಅಥವಾ ಮೊಬೈಲ್ ತೆರೆದರೆ ಸಾಲುಗಟ್ಟಿ ಬರುವ ‘ಲೈಫ್ ಕೋಚ್’ಗಳಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕೇ? ಮಹಾನಗರಗಳಿಗೆ ಸೀಮಿತವಾಗಿದ್ದ ಈ ಪ್ರಶ್ನೆ ಈಗ ಮಡಿಕೇರಿಯಂಥ ಊರಿಗೂ ಬಂದಿದೆ.

ಎರಡೂ ಒಂದೇ ಅಲ್ಲ

ಮನೋಚಿಕಿತ್ಸೆ ನೋವಿನ ಮೂಲವನ್ನು ಹುಡುಕುತ್ತದೆ. ಖಿನ್ನತೆ, ಆತಂಕ, ಆಘಾತದ ನೆನಪು, ಮದ್ಯವ್ಯಸನಗಳು ಅದರ ವ್ಯಾಪ್ತಿಗೆ ಸೇರಿದವು. ಮನೋವೈದ್ಯರು ವೈದ್ಯಪದವೀಧರರಾದ್ದರಿಂದ ಔಷಧ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟರು ಔಷಧ ಕೊಡುವುದಿಲ್ಲ. ಪರೀಕ್ಷೆ ಹಾಗೂ ಮಾತಿನ ಮೂಲಕ ಚಿಕಿತ್ಸೆ ನೀಡುತ್ತಾರೆ.

ಲೈಫ್ ಕೋಚಿಂಗ್ ಮುಖ ಮಾಡುವುದು ಭವಿಷ್ಯದತ್ತ. ಉದ್ಯೋಗ ಬದಲಿಸುವುದು, ಹೋಂಸ್ಟೇ ಆರಂಭಿಸುವುದು, ಸಮಯವನ್ನು ಹೊಂದಿಸಿಕೊಳ್ಳುವುದು ಮುಂತಾದ ಗುರಿಗಳಿಗೆ ಅದು ನೆರವಾಗಬಲ್ಲದು. ಆದರೆ ಗುರಿ ಹಾಕಿಕೊಳ್ಳಲೂ ಒಂದಿಷ್ಟು ಶಕ್ತಿ ಬೇಕು. ನಿದ್ದೆ, ಹಸಿವು, ಆಸಕ್ತಿ ಮೂರೂ ಕಳೆದುಹೋದವರಿಗೆ ‘ಧನಾತ್ಮಕವಾಗಿ ಯೋಚಿಸಿ’ ಎಂಬ ಉಪದೇಶ ಹೊರೆಯಾಗುತ್ತದೆ. ಸಾಧ್ಯವಾಗದಿದ್ದರೆ ತಪ್ಪು ತಮ್ಮದೇ ಎಂದು ಅವರು ಮತ್ತಷ್ಟು ಕುಗ್ಗುತ್ತಾರೆ.

ಹೊಣೆ ಯಾರದು?

ನಿಜವಾದ ವ್ಯತ್ಯಾಸ ಇರುವುದು ಹೊಣೆಗಾರಿಕೆಯಲ್ಲಿ. ಮನೋವೈದ್ಯರು ವೈದ್ಯಕೀಯ ಮಂಡಳಿಯಲ್ಲಿ, ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಇತರ ಮನಶ್ಶಾಸ್ತ್ರಜ್ಞರು ಹಾಗೂ ಸಮಾಲೋಚಕರನ್ನು ಚೌಕಟ್ಟಿಗೆ ತರಲು 2021ರಲ್ಲಿ ಕೇಂದ್ರವು ಪ್ರತ್ಯೇಕ ಕಾಯ್ದೆ ರೂಪಿಸಿತು. ಲೈಫ್ ಕೋಚ್‌ಗಳಿಗೆ ಅಂಥ ಶಾಸನಬದ್ಧ ನೋಂದಣಿ ಇಲ್ಲ. 1995ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಪ್ರಮಾಣಪತ್ರ ನೀಡುತ್ತದೆ, ನೀತಿಸಂಹಿತೆಯನ್ನೂ ರೂಪಿಸಿದೆ. ಅದನ್ನು ಪಡೆಯುವುದು ಬಿಡುವುದು ಅವರವರ ಇಷ್ಟ. ವಾರಾಂತ್ಯದ ಶಿಬಿರ ಮುಗಿಸಿದವರೂ ಬೋರ್ಡು ಹಾಕಿಕೊಳ್ಳಬಹುದು.

ಹಾಗಿದ್ದೂ ಜನ ಕೋಚ್‌ಗಳತ್ತ ಒಲಿಯುವುದೇಕೆ? ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನಲ್ಲಿ ಮನೋವೈದ್ಯರ ಕೊಠಡಿ ಮುಂದೆ ಕುಳಿತರೆ ‘ಹುಚ್ಚು’ ಎಂಬ ಮಾತು ಹಬ್ಬೀತೆಂಬ ಅಳುಕು. ಕೋಚ್ ಬಳಿ ಹೋದರೆ ‘ತರಬೇತಿ’ ಎನ್ನಬಹುದು. ವಿಪರ್ಯಾಸವೆಂದರೆ, ಗುಟ್ಟು ಕಾಯುವ ಕಾನೂನಿನ ಭರವಸೆ ಇರುವುದು ಆಸ್ಪತ್ರೆಯಲ್ಲೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬುದನ್ನು ರೋಗಿಯ ಹಕ್ಕಾಗಿಸಿದೆ. ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನೂ ಹಕ್ಕೆಂದು ಸಾರಿದೆ.

ಈ ಅಳುಕಿಗೆ ಜನ ತೆರುತ್ತಿರುವ ಬೆಲೆ ಸಣ್ಣದಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿದ್ದವು. ಕಾಯಿಲೆಗೆ ಅನುಗುಣವಾಗಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕೊಡಗಿನಲ್ಲಿ ದಾರಿ ಏನು?

ತಜ್ಞರಿಗಾಗಿ 120 ಕಿ.ಮೀ. ದೂರದ ಮೈಸೂರಿಗೇ ಹೋಗಬೇಕೆಂದಿಲ್ಲ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರ ಸೇವೆಯನ್ನು ಒಯ್ಯಲೆಂದೇ ರಾಜ್ಯ ಸರ್ಕಾರ 2014ರಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮ ಆರಂಭಿಸಿತು. ಆಸ್ಪತ್ರೆಯ ಮೆಟ್ಟಿಲೇರಲು ಹಿಂಜರಿಯುವವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಹಾಗೆಂದು ಕೋಚ್‌ಗಳೆಲ್ಲ ಮೋಸಗಾರರೆನ್ನುವುದು ನ್ಯಾಯವಲ್ಲ. ತನ್ನ ಮಿತಿ ಅರಿತು, ‘ಇದು ನನ್ನ ಕೆಲಸವಲ್ಲ, ವೈದ್ಯರನ್ನು ಕಾಣಿ’ ಎನ್ನುವ ಕೋಚ್ ಉಪಕಾರವನ್ನೇ ಮಾಡುತ್ತಾರೆ. ಗುಣಪಡಿಸುವ ಖಾತರಿ ಕೊಡುವವರು, ನುಂಗುತ್ತಿರುವ ಮಾತ್ರೆ ನಿಲ್ಲಿಸೆನ್ನುವವರು, ಮುಂಗಡವಾಗಿ ದೊಡ್ಡ ಮೊತ್ತ ಕೇಳುವವರ ಬಗ್ಗೆ ಮಾತ್ರ ಎಚ್ಚರ ಬೇಕು.

ಆಯ್ಕೆಗೆ ಸರಳ ಅಳತೆಗೋಲೊಂದಿದೆ. ದಿನಚರಿ ಸರಿಯಿದ್ದು ದಾರಿ ಮಾತ್ರ ತೋಚದಿದ್ದರೆ ಕೋಚ್ ಸಾಕಾದೀತು. ಬೇಸರ, ಭಯ, ನಿದ್ರಾಹೀನತೆ ಎರಡು ವಾರ ಮೀರಿ ಕಾಡಿದರೆ ಚಿಕಿತ್ಸಕರೇ ಬೇಕು. ಸಾಯುವ ಯೋಚನೆ ಒಮ್ಮೆ ಸುಳಿದರೂ ಎರಡು ವಾರ ಕಾಯುವಂತಿಲ್ಲ. ಅಂದೇ ನೆರವು ಪಡೆಯಬೇಕು. ಯಾವುದೆಂದು ತಿಳಿಯದಿದ್ದರೆ ಮೊದಲು ವೈದ್ಯರನ್ನು ಕಾಣುವುದೇ ಕ್ಷೇಮ. ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ಕೋಚ್ ಬಳಿ ಹೋದರೆ ನಷ್ಟವೇನಿಲ್ಲ. ಕಾಯಿಲೆ ಇಟ್ಟುಕೊಂಡು ಕೋಚ್ ಬಳಿ ಕಳೆದ ತಿಂಗಳುಗಳು ಮಾತ್ರ ಮರಳಿ ಬಾರವು.