ಆವಕ ಇದೆ, ಜಾವಕ ಇಲ್ಲ



ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತು ಮಾಡ್ಕೊಂಡು ಕೊನೇವರೆಗೂ ಓದಿ.

ಹೋದ ತಿಂಗಳು ನಮ್ಮ ತಾಲ್ಲೂಕಿನಲ್ಲಿ ಒಂದು "ಸಾರ್ವಜನಿಕ ಸಮಾಲೋಚನಾ ಸಭೆ" ನಡೀತು. ಆರೋಗ್ಯ ಮತ್ತು ಸಾಮಾಜಿಕ ಸೇವೆಗಳಲ್ಲಿ ಸಮಾನತೆ ತರೋದು ಹೇಗೆ ಅನ್ನೋ ಕರಡಿನ ಮೇಲೆ ಜನರ ಅಭಿಪ್ರಾಯ ಕೇಳೋ ಸಭೆ. ಯಾವ ಕಚೇರಿ, ಯಾವ ಅಧಿಕಾರಿ ಅಂತ ಬರೆಯಲ್ಲ. ಬರೆದ್ರೆ ಕಾಮೆಂಟೆಲ್ಲಾ ಆ ಒಬ್ಬರನ್ನ ಬೈಯೋದಕ್ಕೇ ಮುಗಿದುಹೋಗುತ್ತೆ. ಅವರು ವರ್ಗ ಆಗಿ ಹೋದ್ರೂ ಸಭೆ ಹೀಗೇ ನಡೆಯುತ್ತೆ. ನಂಗೆ ಮಾತಾಡಬೇಕಿರೋದು ಅದರ ಬಗ್ಗೆ.

ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಸಭೆ. ನಾನು ಅರ್ಧ ದಿನ ರಜೆ ಹಾಕಿ ಹೋದೆ. ಹೆಸರು ನೋಂದಾಯಿಸೋಕೆ ಬಾಗಿಲಲ್ಲಿ ಒಂದು ಕ್ಯೂಆರ್ ಕೋಡ್ ಅಂಟಿಸಿದ್ರು. ಕರಡು ಇಂಗ್ಲಿಷಿನಲ್ಲಿತ್ತು, ಕನ್ನಡದ್ದು "ಬರ್ತಾ ಇದೆ" ಅಂದ್ರು. ಒಳಗೆ ಮೂವತ್ತು ಮೂವತ್ತೈದು ಜನ. ಮುಕ್ಕಾಲು ಪಾಲು ಇಲಾಖೆಯ ಸಿಬ್ಬಂದಿ, ಉಳಿದವರು ಎರಡು ಮೂರು ಸಂಸ್ಥೆಯವರು, ಇಬ್ಬರು ಪತ್ರಕರ್ತರು, ನಾನು. ಕೇರಿಯಿಂದ ಬಂದಿದ್ದ ಹೆಣ್ಣುಮಗಳು ಇಡೀ ಹಾಲಿನಲ್ಲಿ ಒಬ್ಬರೇ. ಅವರು ಹೊರಗುತ್ತಿಗೆ ಮೇಲೆ ಕಸ ಗುಡಿಸೋ ಅಕ್ಕ. ಬೆಳಗ್ಗೆ ಹಾಲ್ ಗುಡಿಸಿ, ಕುರ್ಚಿ ಹಾಕಿ, ನಡುವೆ ಎಲ್ಲರಿಗೂ ಟೀ ಕೊಟ್ಟು, ಕೊನೆಗೆ ಲೋಟ ಎತ್ತಿದ್ದು ಅವರೇ. ಆಸ್ಪತ್ರೆಯ ವಾರ್ಡು ತೊಳೆದು, ರಕ್ತ ಮೆತ್ತಿದ ಬಟ್ಟೆ ಎತ್ತಿ ಅವರಿಗೆ ಗೊತ್ತಿರೋ ಆರೋಗ್ಯ ಸೇವೆ, ಆ ಹಾಲಿನಲ್ಲಿ ಕೂತಿದ್ದ ಯಾರಿಗೂ ಗೊತ್ತಿರಲಿಲ್ಲ. ಅವರನ್ನ ಒಬ್ಬರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದು ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ನಂಗೆ ಮೂರು ನಿಮಿಷ ಕೊಟ್ರು. ನಾನು ಚಿಕ್ಕವ್ವನ ವಿಚಾರ ಹೇಳಿದೆ. ಚಿಕ್ಕವ್ವನಿಗೆ ಬಿಪಿನೂ ಇದೆ, ಶುಗರ್ರೂ ಇದೆ. ಮನೆಮನೆಗೆ ಬಂದು ಬಿಪಿ, ಶುಗರ್ ನೋಡ್ತಾರೆ ಅಂತ ಎಲ್ಲಾ ಗೋಡೆ ಮೇಲೂ ಬರೆದಿದ್ದಾರೆ. ಆದ್ರೆ ನಮ್ಮ ಬೀದಿಗೆ ಬರೋವಾಗ ಆ ಮಿಷಿನ್ನು ಬೀದಿ ಬಾಯಲ್ಲೇ ನಿಂತುಬಿಡುತ್ತೆ. "ನಿಮ್ಮ ಬಿಪಿ ಹೋದ ಸಲ ಎಷ್ಟಿತ್ತು?" ಅಂತ ಅಲ್ಲಿಂದಲೇ ಕೂಗಿ ಕೇಳ್ತಾರೆ. ಚಿಕ್ಕವ್ವ ಹೇಳಿದ ಸಂಖ್ಯೆಯನ್ನೇ ಬರ್ಕೊಂಡು ಹೋಗ್ತಾರೆ. ಪುಸ್ತಕದಲ್ಲಿ ನೋಡಿದ್ರೆ ಚಿಕ್ಕವ್ವನ ಬಿಪಿ ಪ್ರತಿ ತಿಂಗಳೂ ನೋಡಿದ್ದಾರೆ! ರಟ್ಟೆಗೆ ಪಟ್ಟಿ ಸುತ್ತಬೇಕಲ್ಲ ಸ್ವಾಮಿ, ಸುತ್ತಬೇಕಾದ್ರೆ ಮುಟ್ಟಬೇಕಲ್ಲ.

ವೇದಿಕೆ ಮೇಲಿಂದ ಉತ್ತರ ಬಂತು: "ರೋಗಕ್ಕೆ ಜಾತಿ ಇದೆಯಾ ಸಾರ್? ಆಸ್ಪತ್ರೆಯಲ್ಲಿ ಯಾಕೆ ಜಾತಿ ತರ್ತೀರಿ?" ಒಂದಿಬ್ಬರು ಚಪ್ಪಾಳೆ ತಟ್ಟಿದ್ರು.

ರೋಗಕ್ಕೆ ಜಾತಿ ಇಲ್ಲ, ಒಪ್ಪಿದೆ. ಬಿಪಿ ಪಟ್ಟಿ ಹಿಡಿದ ಕೈಗೆ ಇದೆ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಒಂದು ಪ್ರಸಂಗ ನೆನಪಿರಬೇಕು. ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮೇಷ್ಟ್ರು ಬರೆದ ಪತ್ರ ಅದು, 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಬಂದಿತ್ತು. ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಿದ್ದಾಳೆ. ಡಾಕ್ಟರು ಕೇರಿಯೊಳಗೆ ಬರಲ್ಲ ಅಂದ. ಊರಿನ ದೊಡ್ಡವರು ಎರಡು ರೂಪಾಯಿ ಫೀಸಿಗೆ ಜಾಮೀನು ನಿಂತ ಮೇಲೆ ಬಂದ, ಆದ್ರೆ ಕೇರಿ ಹೊರಗೇ ನಿಂತ. ಬಾಣಂತಿಯನ್ನೇ ಅಲ್ಲಿಗೆ ಕರ್ಕೊಂಡು ಬರಬೇಕಾಯ್ತು. ಜ್ವರ ನೋಡೋ ಥರ್ಮಾಮೀಟರನ್ನ ಒಬ್ಬ ಮುಸ್ಲಿಮರ ಕೈಗೆ ಕೊಟ್ಟ, ಅವರು ಗಂಡನ ಕೈಗೆ ಕೊಟ್ರು, ಗಂಡ ಹೆಂಡತಿಗೆ ಇಟ್ಟ. ವಾಪಸ್ಸು ಹೋಗಿದ್ದೂ ಅದೇ ದಾರೀಲಿ. ಆ ತಾಯಿ ಉಳಿಯಲಿಲ್ಲ.

ಥರ್ಮಾಮೀಟರ್ ಮೂರು ಕೈ ದಾಟಿ ಹೋಗಿ ಹೆಚ್ಚುಕಮ್ಮಿ ನೂರು ವರ್ಷ ಆಗ್ತಾ ಬಂತು. ಚಿಕ್ಕವ್ವನ ಬಿಪಿ ಪಟ್ಟಿ ಒಂದು ಕೈಯನ್ನೂ ದಾಟಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ. ಇದು ಆಶಾ ಕಾರ್ಯಕರ್ತೆಯರ ಮೇಲಿನ ದೂರಲ್ಲ. ಅವರಲ್ಲಿ ಎಷ್ಟೋ ಜನ ನಮ್ಮ ಹೆಣ್ಣುಮಕ್ಕಳೇ. ಸಂಬಳ ಅನ್ನೋ ಹೆಸರೂ ಇಲ್ಲದ ಗೌರವಧನಕ್ಕೆ ಬಿಸಿಲಲ್ಲಿ ಅಲೆಯೋರು. ನಮ್ಮ ಪಕ್ಕದೂರಿನ ಒಬ್ಬ ಆಶಾ ತಂಗಿ ಹೇಳ್ತಿದ್ಲು, "ಅಣ್ಣ, ಮೇಲಿನ ಬೀದೀಲಿ ನಂಗೆ ಜಗಲಿ ದಾಟಿಸಲ್ಲ. ಮಗೂನ ಹೊರಗೆ ತಂದು ತೋರಿಸ್ತಾರೆ, ತೂಕ ಅವರೇ ನೋಡಿ ಹೇಳ್ತಾರೆ" ಅಂತ. ಸೇವೆ ಪಡೆಯೋ ಕಡೆ ಇದ್ರೂ ನಾವು ಹೊರಗೆ, ಕೊಡೋ ಕಡೆ ಇದ್ರೂ ನಾವೇ ಹೊರಗೆ. ಸಮಾನತೆಯ ಕರಡಿನಲ್ಲಿ ಈ ಎರಡನೇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳದಿದ್ರೆ ಅಪರಾಧ. 2015ರಲ್ಲಿ ತಿದ್ದುಪಡಿಯಾದ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗದಂತೆ ತಡೆಯೋದನ್ನ ಹೆಸರಿಟ್ಟೇ ಸೇರಿಸಿದ್ದಾರೆ. ಆದ್ರೆ ಇವತ್ತು ಬಾಗಿಲಲ್ಲಿ ಯಾರೂ ತಡೆಯಲ್ಲ. ಒಳಗೆ ಬಿಡ್ತಾರೆ. ಆಮೇಲೆ ಮುಟ್ಟಲ್ಲ, ಮಾತ್ರೆ ಮೇಲಿಂದ ಹಾಕ್ತಾರೆ, ಹೆರಿಗೆ ವಾರ್ಡಿನಲ್ಲಿ ಊರ ಹೆಸರು ಕೇಳಿ ಬೀದಿ ಹೆಸರು ಕೇಳ್ತಾರೆ, ನಮ್ಮ ಮನೆಗೆ ಮಾತ್ರ ಬರೋದು ಮರೀತಾರೆ. ಇದಕ್ಕೆ ಯಾವ ಎಫ್‌ಐಆರ್ ಹಾಕ್ತೀರಿ? ಗುಜರಾತ್ ಮತ್ತು ರಾಜಸ್ಥಾನದ ದಲಿತ ಮಕ್ಕಳ ಬಗ್ಗೆ ಸಂಘಮಿತ್ರಾ ಆಚಾರ್ಯ ಅವರು ಮಾಡಿದ, 2010ರಲ್ಲಿ ಬಂದ ಅಧ್ಯಯನ ಇದನ್ನೇ ಹೇಳುತ್ತೆ. ಔಷಧಿ ಕೊಡೋವಾಗ, ಮುಟ್ಟಿ ನೋಡೋವಾಗ, ಮನೆಗೆ ಬರೋವಾಗ ಆಗೋ ತಾರತಮ್ಯವನ್ನ ಆ ಮಕ್ಕಳ ಬಾಯಿಂದಲೇ ಕೇಳಿ ಬರೆದದ್ದು. ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2018ರ ವರದಿಯಲ್ಲಿ ದಲಿತ ಹೆಣ್ಣುಮಕ್ಕಳು ಸಾಯೋ ಸರಾಸರಿ ವಯಸ್ಸು ಮೇಲ್ಜಾತಿ ಹೆಣ್ಣುಮಕ್ಕಳಿಗಿಂತ 14.6 ವರ್ಷ ಕಮ್ಮಿ ಅಂತ ಇದೆ. ಬಡತನ, ಕೆಲಸ, ಊಟ ಎಲ್ಲಾ ಸೇರಿದ ಲೆಕ್ಕ ಅದು. ಬೀದಿ ಬಾಯಲ್ಲಿ ನಿಂತ ಮಿಷಿನ್ನೂ ಅದರೊಳಗಿದೆ.

ಇಂಥದ್ದು ಯಾವ ರಿಜಿಸ್ಟರಿನಲ್ಲೂ ಸಿಗಲ್ಲ. ರಿಜಿಸ್ಟರ್ ನೋಡಿದ್ರೆ ಎಲ್ಲಾ ಸರಿಯಾಗೇ ಇರುತ್ತೆ. ಅನುಭವಿಸಿದವರು ಬಾಯಿ ಬಿಟ್ಟು ಹೇಳಿದ್ರೆ ಮಾತ್ರ ಹೊರಗೆ ಬರೋ ವಿಷಯ. ಅದಕ್ಕೇ ಈ ಸಮಾಲೋಚನೆ ಅನ್ನೋದು ನಮಗೆ ಬೇಕೇ ಬೇಕು. ಅದನ್ನ ಕಾಟಾಚಾರಕ್ಕೆ ಮಾಡೋದು ಅಂದ್ರೆ ಇರೋ ಒಂದೇ ಕಿಂಡಿಯನ್ನೂ ಮುಚ್ಚಿದ ಹಾಗೆ.

ಈಗ ನನ್ನದೇ ಒಂದು ತಪ್ಪೊಪ್ಪಿಗೆ. ನಾನು ಹೊಟ್ಟೆಪಾಡಿಗೆ ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತ ಕಟ್ಟೋದೇ ಕೆಲಸ. ಒಂದು ವಿಷಯಕ್ಕೆ ಆಕ್ಷೇಪಣೆ ಕರೆದಿದ್ದಾಗ, ನೋಟಿಸನ್ನ ಕಚೇರಿ ಗಾಜಿನ ಪೆಟ್ಟಿಗೆಯೊಳಗೆ ಅಂಟಿಸಿದ್ದು ನಾನೇ. ಗಡುವು ಮುಗಿದ ಮೇಲೆ "ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆಗಳು ಸ್ವೀಕೃತವಾಗಿರುವುದಿಲ್ಲ" ಅಂತ ಟೈಪ್ ಮಾಡಿದ್ದೂ ನಾನೇ. ಸುಳ್ಳೇನಲ್ಲ, ನಿಜವಾಗ್ಲೂ ಬಂದಿರಲಿಲ್ಲ. ಆ ಗಾಜಿನ ಪೆಟ್ಟಿಗೆ ಮುಂದೆ ನಿಂತು ಓದೋಕೆ ಯಾರಿಗೂ ಸಾಧ್ಯ ಇಲ್ಲ ಅಂತ ನಂಗೆ ಗೊತ್ತಿತ್ತು, ಅಷ್ಟೇ. ಆ ಸಾಲು ಈಗಲೂ ಒಂದೊಂದು ರಾತ್ರಿ ನೆನಪಾಗುತ್ತೆ.

ಆಕ್ಷೇಪಣೆ ಬಂದ್ರೂ ಏನಾಗುತ್ತೆ ಗೊತ್ತಾ? ಆವಕ ವಹಿಯಲ್ಲಿ ಒಂದು ನಂಬರ್ ಬೀಳುತ್ತೆ. ಮೇಲೆ ಹೋಗುತ್ತೆ, "ಕಡತದಲ್ಲಿರಿಸಿ" ಅಂತ ಷರಾ ಬರುತ್ತೆ, ವಾಪಸ್ಸು ಬರುತ್ತೆ. ದಾರ ಕಟ್ಟಿ ಬೀರುವಿಗೆ ಇಡ್ತೀವಿ. ಜಾವಕ ವಹಿಯಲ್ಲಿ ಆ ಮನುಷ್ಯನ ಹೆಸರಿಗೆ ಒಂದು ಉತ್ತರ ಹೋದದ್ದನ್ನ ನಾನು ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ ನೋಡಿದ್ದೀನಿ. ಆವಕ ಇದ್ದು ಜಾವಕ ಇಲ್ಲದ್ದು ಸಮಾಲೋಚನೆ ಅಲ್ಲ, ಸಂಗ್ರಹ.

ಇದು ನಮ್ಮ ತಾಲ್ಲೂಕಿನ ಕತೆ ಮಾತ್ರ ಅಲ್ಲ. ಬ್ರಿಟನ್ನಿನ ಉದಾಹರಣೆ ನೋಡಿ. ಅಲ್ಲಿಗೆ ನಮ್ಮವರು ಹೋದ್ರು, ಜಾತಿನೂ ಜೊತೆಗೇ ಹೋಯ್ತು. ಕೆಲಸದ ಜಾಗದಲ್ಲಿ, ಸೇವೆಗಳಲ್ಲಿ ಜಾತಿ ತಾರತಮ್ಯ ಇದೆ ಅನ್ನೋದಕ್ಕೆ ಆಧಾರ ಸಿಕ್ಕಿದೆ ಅಂತ ಅಲ್ಲಿನ ಸರ್ಕಾರವೇ ಮಾಡಿಸಿದ 2010ರ ಅಧ್ಯಯನ ಹೇಳಿತು. ಸಮಾನತಾ ಕಾಯ್ದೆಯೊಳಗೆ ಜಾತಿಯನ್ನ ಸೇರಿಸಲೇಬೇಕು ಅಂತ 2013ರಲ್ಲಿ ಪಾರ್ಲಿಮೆಂಟು ಹೇಳಿತು. ಸೇರಿಸೋ ಬದಲು ಸರ್ಕಾರ 2017ರಲ್ಲಿ ಸಾರ್ವಜನಿಕ ಸಮಾಲೋಚನೆ ಕರೆಯಿತು. 16 ಸಾವಿರಕ್ಕೂ ಹೆಚ್ಚು ಉತ್ತರ ಬಂದವು. ಅದರಲ್ಲಿ ಹೆಚ್ಚಿನವರು ಹೊಸ ಕಾನೂನು ಬೇಡ ಅನ್ನೋ ಕಡೆಗೇ ಇದ್ರು. 2018ರ ಜುಲೈನಲ್ಲಿ ಸರ್ಕಾರ, ಕೋರ್ಟಿನ ತೀರ್ಪುಗಳೇ ಸಾಕು, ಕಾನೂನಿನಲ್ಲಿ ಜಾತಿ ಸೇರಿಸಲ್ಲ ಅಂತ ತೀರ್ಮಾನ ಹೇಳಿತು. ಅವರು ಕೊಟ್ಟ ಕಾರಣಗಳು ಬೇರೆ ಬೇರೆ ಇರಬಹುದು. ನಾವು ಕಲೀಬೇಕಾದ ಪಾಠ ಒಂದೇ: ತುಳಿಸಿಕೊಂಡವರು ಕಮ್ಮಿ ಇರೋ ಕಡೆ ತಲೆ ಎಣಿಸಿ ನ್ಯಾಯ ಮಾಡಕ್ಕಾಗಲ್ಲ. ನಮ್ಮೂರಲ್ಲಿ "ಕೇರಿಯವರು ಕೆರೆ ನೀರು ಮುಟ್ಟಬಹುದಾ" ಅಂತ ಊರೆಲ್ಲಾ ಕೈ ಎತ್ತಿಸಿದ್ರೆ ಏನು ಉತ್ತರ ಬರ್ತಿತ್ತು ಅಂತ ಯೋಚಿಸಿ. ಸಮಾಲೋಚನೆ ಕೇಳಬೇಕಾದ್ದು ಸಮಾನತೆ ಬೇಕಾ ಬೇಡ್ವಾ ಅಂತಲ್ಲ. ಅದನ್ನ ಸಂವಿಧಾನ ಆಗಲೇ ತೀರ್ಮಾನ ಮಾಡಿದೆ. ಕೇಳಬೇಕಾದ್ದು, ಎಲ್ಲಿ ತಪ್ಪಿಹೋಗ್ತಿದೆ ಅಂತ.

ಹಂಗಾದ್ರೆ ನಾವು ಹೋಗೋದೇ ಬೇಡ್ವಾ? ಈ ಸಭೆಯ ವಿಷಯ ಗ್ರೂಪಿನಲ್ಲಿ ಹಾಕಿದಾಗ ಕೆಲವು ಗೆಳೆಯರು ಹಾಗೇ ಅಂದ್ರು: "ನಾಟಕಕ್ಕೆ ಯಾಕೆ ಹೋಗ್ತೀರಿ ಅಣ್ಣ, ಬಹಿಷ್ಕಾರ ಹಾಕಿ." ಅವರ ಸಿಟ್ಟು ನಂಗೆ ಅರ್ಥ ಆಗುತ್ತೆ. ಆದ್ರೆ ಬಾಬಾಸಾಹೇಬರು 1919ರಲ್ಲಿ ಸೌತ್‌ಬರೋ ಸಮಿತಿ ಮುಂದೆ ಹೋದ್ರು. 1928ರಲ್ಲಿ ಕಾಂಗ್ರೆಸ್ಸು ಸೈಮನ್ ಆಯೋಗಕ್ಕೆ ಬಹಿಷ್ಕಾರ ಹಾಕಿದ್ದಾಗ, ಬೈಗುಳ ತಿಂದ್ಕೊಂಡೂ ಹೋಗಿ ಸಾಕ್ಷಿ ಹೇಳಿದ್ರು. ಬಾಯಿಮಾತಿಗೆ ಹೋಗಲಿಲ್ಲ, ಲಿಖಿತ ಹೇಳಿಕೆ ತಗೊಂಡು ಹೋದ್ರು. ನಾವಿಲ್ಲದ ಕಡತದಲ್ಲಿ ನಮ್ಮ ಬಗ್ಗೆ ಬೇರೆಯವರು ಬರೀತಾರೆ ಅಂತ ಅವರಿಗೆ ಗೊತ್ತಿತ್ತು.

ನಮ್ಮ ರಾಜ್ಯದಲ್ಲೇ ನೋಡಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ 7(ಡಿ) ಕಲಂ. ಎಲ್ಲರಿಗೂ ಸೇರಿದ ಕಾಮಗಾರಿಯ ಖರ್ಚಿನ ಒಂದು ಪಾಲನ್ನ ನಮ್ಮ ಹೆಸರಿಗೆ ಬರ್ಕೊಳ್ಳೋಕೆ ಇದ್ದ ಕಿಂಡಿ. ಅದನ್ನ ತೆಗೀರಿ ಅಂತ ಸಂಘಟನೆಗಳು ವರ್ಷಗಟ್ಟಲೆ ಬರೆದ್ವು, ಕೂಗಿದ್ವು, ಬೀದಿಗಿಳಿದ್ವು. 2023ರಲ್ಲಿ ತೆಗೆದ್ರು. ದುಡ್ಡಿನ ಜಗಳ ಇನ್ನೂ ಮುಗಿದಿಲ್ಲ, ನಿಜ. ಆದ್ರೆ ಆ ಕಲಂ ಹೋಯ್ತು. ಮನೇಲಿ ಕೂತಿದ್ರೆ ಹೋಗ್ತಿರಲಿಲ್ಲ.

ಹಾಗಾಗಿ ಸರ್ಕಾರದವರಿಗೆ ನನ್ನ ಬೇಡಿಕೆ ಇಷ್ಟು:

1. ಸಭೆ ಕೇರಿಯಲ್ಲೇ ಆಗಲಿ, ಕೂಲಿ ಮುಗಿದ ಮೇಲೆ ಸಂಜೆ ಆಗಲಿ. ಹಗಲಲ್ಲೇ ಮಾಡ್ತೀವಿ ಅಂದ್ರೆ ಬಂದವರಿಗೆ ಆ ದಿನದ ಕೂಲಿ ಕೊಡಿ. ಅಧಿಕಾರಿಗೆ ಟಿಎ-ಡಿಎ ಇದೆ, ಕೂಲಿಯವರಿಗೆ ಮಾತ್ರ ಸಮಾಜಸೇವೆಯಾ?

2. ಕರಡು ಕನ್ನಡದಲ್ಲಿರಲಿ, ಗಟ್ಟಿಯಾಗಿ ಓದಿ ಹೇಳಿ. ಬಾಯಲ್ಲಿ ಹೇಳಿದ್ದನ್ನ ನೀವೇ ಬರ್ಕೊಂಡು, ಓದಿ ಹೇಳಿ, ಹೆಬ್ಬೆಟ್ಟೋ ಸಹಿನೋ ತಗೊಳ್ಳಿ.

3. ಮನೆ ಭೇಟಿ, ಹೆರಿಗೆ, ಲಸಿಕೆ, ಅಂಗನವಾಡಿ ಇದ್ರ ಲೆಕ್ಕವನ್ನ ಜಾತಿವಾರು, ಬೀದಿವಾರು ತೆಗೆದು ಸಭೆಗೆ ಮುಂಚೆ ಗೋಡೆಗೆ ಅಂಟಿಸಿ. ಆಗ ಚಿಕ್ಕವ್ವ ನಿಂತ್ಕೊಂಡು "ಇದು ಸುಳ್ಳು" ಅನ್ನಬಹುದು.

4. ಆಸ್ಪತ್ರೆ ಕಸ ಎತ್ತೋರನ್ನ, ಆಶಾ ಅಕ್ಕಂದಿರನ್ನ ಮೇಲಧಿಕಾರಿ ಇಲ್ಲದ ಕಡೆ ಕೂರಿಸಿ ಕೇಳಿ.

5. ಪ್ರತಿ ಆಕ್ಷೇಪಣೆಗೂ ಒಪ್ಪಿದ್ದೀವಿ ಅಥವಾ ಒಪ್ಪಿಲ್ಲ, ಯಾಕೆ ಅಂತ ಬರೆದು ಕೊಡಿ. ಇದು ಭಿಕ್ಷೆ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಪ್ರಕಾರ ಆಡಳಿತದ ತೀರ್ಮಾನಗಳಿಗೆ ಕಾರಣವನ್ನ ಬಾಧಿತರಿಗೆ ತಿಳಿಸಲೇಬೇಕು. ಕೇಂದ್ರದ ಕಾನೂನುಗಳ ಕರಡನ್ನ ಕನಿಷ್ಠ 30 ದಿನ ಜನರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶ ಪ್ರಕಟಿಸಬೇಕು ಅಂತ 2014ರಲ್ಲೇ ಕೇಂದ್ರ ಸರ್ಕಾರ ನೀತಿ ಮಾಡ್ಕೊಂಡಿದೆ. ತಾಲ್ಲೂಕಿನ ಸಭೆಗೂ ಅದೇ ಮರ್ಯಾದೆ ಸಿಗಲಿ.

ನಮ್ಮವರಿಗೂ ಒಂದು ಮಾತು. ಗುಮಾಸ್ತನಾಗಿ ಹೇಳ್ತಿದ್ದೀನಿ ಕೇಳಿ. ಬಾಯಲ್ಲಿ ಹೇಳಿದ್ದು ಹಾಲಿನ ಬಾಗಿಲು ದಾಟಲ್ಲ. ಎರಡು ಪ್ರತಿ ಬರೀರಿ, ಒಂದು ಕೊಡಿ, ಇನ್ನೊಂದಕ್ಕೆ ಸೀಲು, ತಾರೀಖು, ಆವಕ ನಂಬರ್ ಹಾಕಿಸ್ಕೊಂಡೇ ಬನ್ನಿ. "ಆಮೇಲೆ ಬನ್ನಿ" ಅಂದ್ರೆ ಅಲ್ಲೇ ಕೂತ್ಕೊಳ್ಳಿ. ಒಂದು ತಿಂಗಳು ನೋಡಿ. ಉತ್ತರ ಬರದಿದ್ರೆ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ. ಸಭೆಯ ನಡಾವಳಿ ಕೇಳಿ, ನಿಮ್ಮ ಅರ್ಜಿ ಮೇಲೆ ಯಾರು ಏನು ಷರಾ ಬರೆದಿದ್ದಾರೆ ಅಂತ ಟಿಪ್ಪಣಿ ಹಾಳೆಯ ನಕಲು ಕೇಳಿ. ಬೀರುವಿನಲ್ಲಿ ಮಲಗಿದ್ದ ಕಡತ ಆವಾಗ ಎದ್ದು ಕೂರುತ್ತೆ. ನಾನು ಕಣ್ಣಾರೆ ನೋಡಿದ್ದೀನಿ.

ಮೊನ್ನೆ ಭಾನುವಾರ ಚಿಕ್ಕವ್ವನ ಮನೇಲಿ ಕೂತು ಬರೆದ್ವಿ. ಅವಳು ಹೇಳಿದ್ಲು, ನಾನು ಬರೆದೆ. ಆ ಟೀ ಕೊಟ್ಟ ಅಕ್ಕನ್ನೂ ಕರೆಸಿದ್ದೆ. ಅವರು ಹೇಳಿದ್ದೇ ಎರಡು ಪುಟ ಆಯ್ತು. ಹೆಬ್ಬೆಟ್ಟು ಒತ್ತೋವಾಗ ಚಿಕ್ಕವ್ವ ಕೇಳಿದ್ಲು, "ಇದ್ನ ಓದ್ತಾರೇನಪ್ಪ?"

ಓದ್ತಾರೆ ಅಂತ ಹೇಳೋ ಧೈರ್ಯ ನಂಗೆ ಬರಲಿಲ್ಲ. "ಉತ್ತರ ಬರೋವರೆಗೂ ಬಿಡಲ್ಲ ಚಿಕ್ಕವ್ವ" ಅಂದೆ.

ಸೋಮವಾರ ಕೊಟ್ಟು ಬಂದಿದ್ದೀನಿ. ಆವಕ ನಂಬರ್ ಬಿದ್ದಿದೆ. ಮೂವತ್ತು ದಿನ ಆದ ಮೇಲೆ ಏನಾಯ್ತು ಅಂತ ಇಲ್ಲೇ ಬರೀತೀನಿ. ನಿಮ್ಮ ಊರಲ್ಲೂ ಇಂಥ ಸಭೆ ನಡೆದಿದ್ರೆ ಯಾವಾಗ, ಎಷ್ಟು ಹೊತ್ತಿಗೆ, ಕೇರಿಯವರು ಎಷ್ಟು ಜನ ಇದ್ರು ಅಂತ ಕೆಳಗೆ ಹಾಕಿ. ಅರ್ಜಿ ನಮೂನೆ ಬೇಕಾದವರು ಕೇಳಿ, ಕಳಿಸ್ತೀನಿ.

ಜೈ ಭೀಮ್.